ಟ್ರಂಕಿನ ತಳದ ಸೀರೆಗಳು



ಈ ಸಲ ಬಂದ ಕಾಗದಗಳಲ್ಲಿ ತರೀಕೆರೆ ಕಡೆಯ ಗೃಹಿಣಿಯೊಬ್ಬರದು ಮನಸ್ಸಿಗೆ ನಾಟಿತು. ಮಗಳ ಕಾಲೇಜು ಫೀಸಿಗೆ ಎಂಟು ಸಾವಿರ ಕಡಿಮೆ ಬಿದ್ದಿದೆಯಂತೆ. ಯಜಮಾನರ ಸಂಬಳದಲ್ಲಿ ಹೊಂದುವುದಿಲ್ಲ, ತವರಿನಲ್ಲಿ ಕೇಳಲು ಮನಸ್ಸಿಲ್ಲ. "ಅಮ್ಮನ ಮೂರು ಜರಿ ಸೀರೆ ಟ್ರಂಕಿನಲ್ಲಿವೆ, ಉಡುವ ಹಾಗಿಲ್ಲ. ಮಾರೋಣ ಅಂದರೆ ಅತ್ತೆಯವರು 'ಮನೆ ಲಕ್ಷ್ಮೀನ ಮಾರ್ತೀಯಾ' ಅಂತಾರೆ. ಏನು ಮಾಡಲಿ ಅಕ್ಕಾ?" ಎಂದು ಕೇಳಿದ್ದಾರೆ.

ಮಾರಿ ಅಂತಲೇ ನಾನು ಹೇಳುವುದು. ಆದರೆ ನಾನು ಮಾರಿದ ಹಾಗೆ ಮಾರಬೇಡಿ.

1987ನೇ ಇಸವಿ. ಬಾಣಂತನ ಮುಗಿಸಿ ಬಂದ ಹೊಸದು. "ಹಳೇ ಜರಿ ಸೀರೇ..." ಎಂದು ಕೂಗುತ್ತ ಬಂದವನನ್ನು ಜಗಲಿಗೆ ಕರೆದು ನಮ್ಮಮ್ಮನ ಧಾರೆ ಸೀರೆ ತೋರಿಸಿದೆ. ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಅವನು ಕೈಯಲ್ಲೇ ತೂಗಿ ನೋಡಿ, "ಜರಿ ಕಪ್ಪಾಗಿದೆ ತಾಯಿ, ಬರೀ ತಾಮ್ರ" ಅಂದ. ಎಂಬತ್ತು ರೂಪಾಯಿ ಎಣಿಸಿದ. ಮಗುವಿನ ಹಾಲಿನ ಪುಡಿಗಾಯಿತಲ್ಲ ಎಂದು ನನಗೂ ಸಂತೋಷವೇ! ತಿಂಗಳು ಕಳೆದ ಮೇಲೆ ಅದೇ ಸೀರೆಯ ರವಿಕೆ ಕೈಗೆ ಸಿಕ್ಕಿತು. ಪಕ್ಕದ ಬೀದಿಯ ಅಕ್ಕಸಾಲಿಗರು ತೋಳಿನ ಅಂಚನ್ನು ಒಂದು ಚೂರು ಕತ್ತರಿಸಿ, ಸುಟ್ಟು, ಉಜ್ಜಿ ನೋಡಿ, "ಇದು ಬೆಳ್ಳಿ ಕಣಮ್ಮ, ಸೀರೆ ಎಲ್ಲಿ?" ಎಂದರು. ಏನೆಂದು ಹೇಳಲಿ? ನಮ್ಮ ಮನೆಯವರಿಗೆ ಇಂದಿಗೂ ಹೇಳಿಲ್ಲ. ಅವರು ಈ ಪುಟ ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಕಪ್ಪಾಯಿತೆಂದರೆ ತಾಮ್ರವೇ ಆಗಬೇಕಿಲ್ಲ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದಿಲ್ಲವೇ? ಅಸಲಿ ಜರಿ ಎಂದರೆ ರೇಷ್ಮೆ ದಾರಕ್ಕೆ ಬೆಳ್ಳಿ ಎಳೆ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಸರ್ಕಾರಿ ಮೈಸೂರು ಸಿಲ್ಕಿನ ಜರಿಯಲ್ಲಿ ಶೇಕಡಾ 65 ಬೆಳ್ಳಿ, 0.65 ಚಿನ್ನ ಎಂದು ರೇಷ್ಮೆ ಉದ್ಯಮಗಳ ನಿಗಮವೇ ಹೇಳುತ್ತದೆ. ಬೇರೆ ಮಗ್ಗದ ಸೀರೆಗೆ ಬೇರೆ ಲೆಕ್ಕ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ದಾಟಿತು. ಆ ಒಂದು ಲಕ್ಷವನ್ನೇ ಹಿಡಿದರೂ 10 ಗ್ರಾಂ ಇಂಥ ಜರಿಯಲ್ಲಿ 650 ರೂಪಾಯಿಯ ಬೆಳ್ಳಿ. ಕರಗಿಸುವವರು ತಮ್ಮ ಪಾಲು ಹಿಡಿದುಕೊಂಡೇ ಕೊಡುತ್ತಾರೆ, ಅದು ಬೇರೆ ಮಾತು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅಂಚಿನ ಒಂದೇ ಒಂದು ಎಳೆ ಕಿತ್ತು ಬ್ಲೇಡಿನಿಂದ ಚೆನ್ನಾಗಿ ಕೆರೆಯಿರಿ. ತಾಮ್ರದ ಮೇಲೂ ಬೆಳ್ಳಿ ನೀರು ಕೊಟ್ಟಿರುತ್ತಾರೆ, ಮೇಲೆ ಮೇಲೆ ಕೆರೆದರೆ ತಿಳಿಯದು. ಒಳಗೂ ಬಿಳಿ ಹೊಳಪೇ ಇದ್ದರೆ ಬೆಳ್ಳಿ, ಕೆಂಪು ಲೋಹ ಕಂಡರೆ ತಾಮ್ರ. ನಡುವಿನ ದಾರ ಕೆಂಪಗಿದ್ದರೆ ಮಾತ್ರ ಗಾಬರಿಯಾಗಬೇಡಿ, ಅಸಲಿ ಜರಿಯ ರೇಷ್ಮೆಗೆ ಕೆಂಪು ಬಣ್ಣ ಹಾಕುವುದುಂಟು. ಇನ್ನೊಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಪ್ಲಾಸ್ಟಿಕ್ ಜರಿಯಾದರೆ ಮುದುಡಿ ಗುಂಡಾಗುತ್ತದೆ, ವಾಸನೆಯೂ ಬರುತ್ತದೆ. ಕೊನೆಯ ಮಾತು ಅಕ್ಕಸಾಲಿಗರದೇ.

ಮೈ ಗಟ್ಟಿಯಿರುವ ಸೀರೆಯನ್ನು ಜರಿಗೆಂದು ಕೊಡಲೇಬೇಡಿ. ಅದು ಸೀರೆಯಾಗಿಯೇ ಹೋಗಬೇಕು, ಇಲ್ಲವೇ ಮಗಳಿಗೆ ಲಂಗವಾಗಬೇಕು. ಹರಿದದ್ದಾದರೆ ಅಂಚು, ಸೆರಗು ನೀವೇ ಕತ್ತರಿಸಿ ತೂಕ ಮಾಡಿಸಿ ಬರೆದಿಟ್ಟುಕೊಳ್ಳಿ. ಅಂಚಿನಲ್ಲಿ ರೇಷ್ಮೆಯೂ ಇರುವುದರಿಂದ ತೂಕವೆಲ್ಲ ಜರಿಯದಲ್ಲ. ಅದಕ್ಕೇ ಕೊಳ್ಳುವವರ ಎದುರು ಕೂತು, "ಒಂದು ತುಂಡು ತೂಗಿ, ಸುಟ್ಟು, ಉಳಿದದ್ದನ್ನು ತೂಗಿ ತೋರಿಸಿ" ಎನ್ನಿ. ಸಂಕೋಚ ಬೇಡ. ತರಕಾರಿಯವಳ ಹತ್ತಿರ ಎಂಟಾಣೆಗೆ ಜಗಳವಾಡಿದವರು ನಾವು! ಎರಡು ಬೆಳ್ಳಿ ಅಂಗಡಿಯಲ್ಲಾದರೂ ವಿಚಾರಿಸಿ. ಬಾಗಿಲಿಗೆ ಬಂದವನಿಗೆ ಆವತ್ತೇ ಕೊಡಬೇಡಿ.

ಟ್ರಂಕು ತೆಗೆದಾಗ ಉಳಿದ ಬಟ್ಟೆಯನ್ನೂ ವಿಂಗಡಿಸಿ. ಮಗುವಿಗೆ ಚಿಕ್ಕದಾದ ಯೂನಿಫಾರಂ ಶಾಲೆ ತೆರೆಯುವ ಮುಂಚೆ ಮೇ ತಿಂಗಳಲ್ಲಿ ಹೋಗುತ್ತದೆ, ಜುಲೈನಲ್ಲಿ ಯಾರೂ ಕೇಳುವುದಿಲ್ಲ. ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿಡಿ. ಕಲೆ ಇದ್ದರೆ ಮೊದಲೇ ಹೇಳಿ. ಮೆತ್ತಗಾದ ನೂಲಿನ ಸೀರೆ ಕೌದಿ ಹೊಲಿಯುವವರಿಗೆ ಬೇಕು. ಪಾತ್ರೆಯವಳಿಗೆ ಕೊಡುವುದಾದರೆ ಅವಳು ತೋರಿಸುವ ಬೋಸಿಗೆ ಅಂಗಡಿಯಲ್ಲಿ ಎಷ್ಟೆಂದು ತಿಳಿದುಕೊಂಡಿರಿ. ಒಳ್ಳೆಯ ಪ್ಯಾಂಟುಗಳನ್ನು ಗಂಟಿನಲ್ಲಿ ಸೇರಿಸಿ ಕೊಟ್ಟುಬಿಡಬೇಡಿ. ಫೋನಿನಲ್ಲಿ ಫೋಟೋ ಹಾಕಿ ಮಾರುವವರಿಗೆ ಒಂದು ಎಚ್ಚರಿಕೆ: ನಮಗೆ ಹಣ ಬರುವುದಕ್ಕೆ ನಾವು ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವನು ಕಳ್ಳ.

ಇನ್ನು ಅತ್ತೆಯವರ ಮಾತು. ತರೀಕೆರೆಯ ತಂಗಿ, ಅವರನ್ನು ಬಿಟ್ಟು ಹೋಗಬೇಡಿ, ಅಂಗಡಿಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ತಕ್ಕಡಿ ಮುಂದೆ ಹಿರಿಯರೊಬ್ಬರು ಕೂತರೆ ಅಂಗಡಿಯವರೂ ಜೋಪಾನವಾಗಿ ತೂಗುತ್ತಾರೆ. ಮೂರರಲ್ಲಿ ಯಾವುದನ್ನು ಉಳಿಸಬೇಕೆಂದು ಅವರನ್ನೇ ಕೇಳಿ. ಎರಡರಲ್ಲೇ ಫೀಸು ಹೊಂದಿದರೂ ಹೊಂದೀತು. ಎಷ್ಟು ಸಿಕ್ಕಿತೆಂದು ಬರೆಯಿರಿ, ಕಾಯುತ್ತಿರುತ್ತೇನೆ.