ಗುಡ್ಡ ಕೇಳುವುದಿಲ್ಲ, ಲಾಡ್ಜು ಕೇಳುತ್ತದೆ

ಪುಣೆ ಉದಾರಿ ಊರು, ಸಲಿಂಗಿಗಳಿಗೂ ಅಲ್ಲಿ ಒಳ್ಳೆಯ ಸ್ವಾಗತ ಎಂದು ನಮ್ಮ ಕಡೆಯ ಕೆಲವರು ಹೊಗಳುತ್ತಾರೆ. ಇನ್ನು ಕೆಲವರು, "ಅದೆಲ್ಲ ಪುಣೆ-ಮುಂಬಯಿ ರೋಗರೀ, ನಮ್ಮಲ್ಲಿಲ್ಲ" ಎಂದು ಮೂಗು ಮುರಿಯುತ್ತಾರೆ. ಧನಕವಡಿಯಲ್ಲಿ ಮನೆ ಮಾಡಿಕೊಂಡಿರುವ ನನಗೆ ಈ ಎರಡು ಮಾತೂ ಒಪ್ಪಿಗೆಯಿಲ್ಲ.

ಗುಡ್ಡದ ಮಟ್ಟಿಗೆ ಹೊಗಳಿಕೆ ಸರಿ. ನಮ್ಮ ಮನೆಯ ಬಗಲಿಗೇ ತಳಜಾಯಿ ಟೇಕಡಿ. ಬೆಳಿಗ್ಗೆ ಆರಕ್ಕೆ ಹೋದರೆ ಪೆನ್ಶನ್ನಿನವರು, ಹುಡುಗರು, ನಾಯಿ ಹಿಡಿದವರು ಎಲ್ಲರೂ ಸಿಗುತ್ತಾರೆ. ಯಾರು ಯಾರ ಕೈ ಹಿಡಿದಿದ್ದಾರೆಂದು ನೋಡಲು ಏರುದಾರಿಯಲ್ಲಿ ಉಸಿರೇ ಇರುವುದಿಲ್ಲ. ಮಳೆಗಾಲದಲ್ಲಿ ಹುಡುಗರು ಕಾತ್ರಜ್ ಘಾಟಿನಿಂದ ಸಿಂಹಗಡದವರೆಗೆ ರಾತ್ರಿಯಿಡೀ ಗುಡ್ಡದ ಮೇಲೆ ನಡೆಯುತ್ತಾರೆ. ಗಡದ ಮೇಲೆ ಪಿಠಲ-ಭಾಕರಿ ಬಡಿಸುವ ಬಾಯಿ, ತಾಟು ಎಷ್ಟು ಬೇಕೆಂದು ಕೇಳುತ್ತಾಳೆ, ಅಷ್ಟೇ. ಊರಿನಲ್ಲಿ 2002ರಿಂದ ಸಮಪಥಿಕ ಟ್ರಸ್ಟ್ ಎಂಬ ಸಂಸ್ಥೆ ಇವರಿಗಾಗಿ ಕೆಲಸ ಶುರುಮಾಡಿತು. 2011ರಲ್ಲಿ ಇಲ್ಲಿ ಮೊದಲ ಪ್ರೈಡ್ ಮೆರವಣಿಗೆಯೂ ಆಯಿತು.

ಆದರೆ ಗುಡ್ಡ ಇಳಿದ ಮೇಲೆ ಮಲಗಬೇಕಲ್ಲ? ನಮ್ಮ ಸಂಬಂಧದ ಹುಡುಗನೊಬ್ಬ ತನ್ನ ಸಂಗಾತಿಯೊಂದಿಗೆ ಊರು ನೋಡಲು ಬಂದಿದ್ದ. ನಮ್ಮ ಮನೆಗೆ ಬಾರೋ ಎಂದರೆ ಸಂಕೋಚ. ಒಂದು ಲಾಡ್ಜಿನಲ್ಲಿ "ಫ್ರೆಂಡ್ಸ್" ಎಂದಾಗ ಕೀ ಸಿಕ್ಕಿತು. ಡಬಲ್ ಬೆಡ್ ಕೇಳಿದಾಗ ಮ್ಯಾನೇಜರ್ ಮುಖ ಒಮ್ಮೆ ನೋಡಿ, ರೂಮು ಖಾಲಿ ಇಲ್ಲವೆಂದ! ಅಂದರೆ ಅಲ್ಲಿ ಸ್ವಾಗತವಿದ್ದದ್ದು ಸುಳ್ಳಿಗೆ. ಗಂಡು-ಹೆಣ್ಣು ಜೋಡಿಗೆ ಮದುವೆಯಾಗಿದೆಯೇ ಎಂದು ಕೇಳುತ್ತಾರೆ; ಇವರಿಗೆ ಆ ಪ್ರಶ್ನೆಯೂ ಇಲ್ಲ, ಏಕೆಂದರೆ ಆ ಉತ್ತರವೇ ದೇಶದಲ್ಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇವರನ್ನು 377ನೇ ಕಲಮಿನ ಅಪರಾಧಿಗಳಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು, ಮದುವೆಯ ಹಕ್ಕನ್ನು ನಾವು ಕೊಡಲಾರೆವು ಎಂದಿತು. ಅಪರಾಧಿಗಳಲ್ಲ, ಆದರೆ ಒಬ್ಬರಿಗೊಬ್ಬರು ಯಾರೂ ಅಲ್ಲ. ಇದೆಂಥ ನ್ಯಾಯ?

"ನಮ್ಮಲ್ಲಿಲ್ಲ" ಎನ್ನುವವರಿಗೆ ಒಂದೇ ಮಾತು. ಸವದತ್ತಿ ಎಲ್ಲಮ್ಮನ ಗುಡ್ಡ ಯಾವ ರಾಜ್ಯದಲ್ಲಿದೆ? ಜೋಗಪ್ಪಗಳ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಬಂದವರು ನಾವೇ. ಮಂಜಮ್ಮ ಜೋಗತಿಯವರು ನಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರಿಗೆ ಚಪ್ಪಾಳೆ ತಟ್ಟಿದ ಕೈಯೇ ಮಗನ ಗುಟ್ಟು ತಿಳಿದಾಗ ಬಾಗಿಲು ಹಾಕುತ್ತದೆ. ಹುಡುಗರು ಪುಣೆಗೆ ಬರುವುದು ಗಾಳಿಗಾಗಿ ಮಾತ್ರ ಅಂತ ತಿಳಿದಿರೇನ್ರಿ?

ಸಿಂಹಗಡದ ದಾರಿಯಲ್ಲಿ ಒಬ್ಬ ಜಾರಿ ಬಿದ್ದನೆನ್ನಿ. ಆಸ್ಪತ್ರೆಯ ಫಾರ್ಮಿನಲ್ಲಿ "ಸಂಬಂಧ" ಎಂಬ ಕಾಲಂ ಬರುತ್ತದೆ. ರಾತ್ರಿಯೆಲ್ಲ ಜೊತೆಗೆ ನಡೆದವನು ಅಲ್ಲಿ ಏನು ಬರೆಯಬೇಕು? ಈ ಕಾಲಮ್ಮಿನ ಬಗ್ಗೆ ನನಗೆ ಸ್ವಲ್ಪ ಗೊತ್ತು. ನೌಕರಿಯುದ್ದಕ್ಕೂ ಅದನ್ನೇ ತುಂಬಿಸಿದವನು. 1985ರ ನಿಯಮಗಳ ನಾಮಿನೇಶನ್ ಫಾರ್ಮ್ ಡಿಎ-1ರಲ್ಲಿ ಠೇವಣಿದಾರನೊಂದಿಗಿನ ಸಂಬಂಧ, "ಇದ್ದರೆ" ಎಂದಿತ್ತು. ಆ "ಇದ್ದರೆ" ನೋಡಿ. ಗೆಳೆಯನನ್ನು ನಾಮಿನಿ ಮಾಡಲು ಕಾನೂನಿನ ಅಡ್ಡಿ ಎಂದೂ ಇರಲಿಲ್ಲ. ಅಡ್ಡಿ ಇದ್ದದ್ದು ಕೌಂಟರಿನ ಆಚೀಚೆ ಕೂತವರ ತಲೆಯಲ್ಲಿ. ಕೊನೆಗೆ 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಇಲಾಖೆಯೇ, ಇಂಥ ಜೋಡಿಗಳು ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಎಂದು ಸ್ಪಷ್ಟ ಮಾಡಬೇಕಾಯಿತು.

ಆದರೂ ಒಂದು ತೊಡಕಿದೆ, ಅದನ್ನು ಹುಡುಗರಿಗೆ ಯಾರೂ ಹೇಳುವುದಿಲ್ಲ. ನಾಮಿನಿ ಹಣದ ಒಡೆಯನಲ್ಲ, ಬ್ಯಾಂಕಿನಿಂದ ಪಡೆಯುವವನು ಮಾತ್ರ. ಬದುಕಿದ್ದಾಗ ಫೋನೂ ಎತ್ತದ ಅಣ್ಣತಮ್ಮಂದಿರು ವಾರಸುದಾರರೆಂದು ನಾಳೆ ದಾವೆ ಹೂಡಬಹುದು. ಅದಕ್ಕೆ ಉಯಿಲು ಬೇಕು. ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು. ಊರಿನಲ್ಲಿ ಸಹಿ ಹಾಕುವವರು ಸಿಗದಿದ್ದರೆ ಧನಕವಡಿಗೆ ಬರಲಿ. ನಾನೊಬ್ಬ ಇದ್ದೇನೆ, ನಮ್ಮ ಮನೆಯವರು ಇನ್ನೊಬ್ಬರು.