ವಿಕಿರಣ ತ್ಯಾಜ್ಯ: ಕಾನೂನಿದೆ, ಕಾವಲು ಬೇಕು

ವಿಕಿರಣಶೀಲ ತ್ಯಾಜ್ಯ ಎಂದ ಕೂಡಲೇ ಕೈಗಾ, ಕೂಡಂಕುಳಂ ನೆನಪಾಗುತ್ತವೆ. ತೆಂಗು, ಕೊಬ್ಬರಿ ನಂಬಿ ಬದುಕುವ ಹಾಲ್ಕುರಿಕೆಯವರಿಗೆ ಅದರ ಗೊಡವೆ ಯಾಕೆ ಎಂದು ಗೆಳೆಯರು ನನ್ನನ್ನು ಕೇಳುತ್ತಾರೆ. ಯಾಕೆಂದರೆ, ನಮ್ಮ ದೇಶದಲ್ಲಿ ಇಂಥ ತ್ಯಾಜ್ಯ ಜೀವ ತೆಗೆದದ್ದು ಗುಜರಿ ಅಂಗಡಿಯಲ್ಲಿ. ಅದು ಅಲ್ಲಿಗೆ ಹೋದದ್ದು ವಿದ್ಯಾರ್ಥಿಗಳು ಓದುವ ಜಾಗದಿಂದ.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಯಂತ್ರವೊಂದನ್ನು 2010ರಲ್ಲಿ ಹರಾಜು ಹಾಕಲಾಯಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಮಾಯಾಪುರಿಯ ಗುಜರಿಯಲ್ಲಿ ಅದನ್ನು ಬಿಚ್ಚಿದರು. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಕೋಬಾಲ್ಟ್-60ರ ಅರ್ಧಾಯುಷ್ಯ ಸುಮಾರು 5.27 ವರ್ಷ. ಲೆಕ್ಕ ಹಾಕಿದರೆ, 25 ವರ್ಷಗಳಲ್ಲಿ ಅದರ ಶಕ್ತಿ ಸುಮಾರು 27ರಲ್ಲಿ ಒಂದು ಪಾಲಿಗೆ ಇಳಿದಿರಬೇಕು. ಅಷ್ಟು ಉಳಿದದ್ದೇ ಸಾಕಾಯಿತು.

ಆಗ ಕಾನೂನು ಇರಲಿಲ್ಲವೇ? ಇತ್ತು. 1962ರ ಪರಮಾಣು ಶಕ್ತಿ ಕಾಯ್ದೆಯಡಿ ತ್ಯಾಜ್ಯದ ಸುರಕ್ಷಿತ ವಿಲೇವಾರಿಗೆಂದೇ 1987ರಲ್ಲಿ ನಿಯಮಗಳು ಬಂದಿದ್ದವು. ಅನುಮತಿ ಪಡೆಯದೆ ಯಾರೂ ವಿಕಿರಣಶೀಲ ತ್ಯಾಜ್ಯವನ್ನು ಬಿಸಾಡುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ. ವಿಲೇವಾರಿಯ ದಾಖಲೆ ಇಡಬೇಕು. ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು. ಮಾಯಾಪುರಿಯ ವಿಷಯದಲ್ಲಿ ಕಾನೂನು ಪುಸ್ತಕದಲ್ಲೇ ಉಳಿಯಿತು, ಯಂತ್ರ ಗುಜರಿಗೆ ಹೋಯಿತು.

ಕೊರತೆ ಎಲ್ಲಿದೆ ಎಂಬುದನ್ನು 2012ರ ಸಿಎಜಿ ವರದಿ ಹೇಳಿದೆ. ವಿಲೇವಾರಿಗೆಂದು ಸಾಗಿಸಲು ಒಪ್ಪಿಗೆ ಕೊಟ್ಟ ವಸ್ತು ನಿಜಕ್ಕೂ ವಿಲೇವಾರಿ ಆಯಿತೇ ಎಂದು ಖಚಿತಪಡಿಸಿಕೊಳ್ಳಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ಸರಿಯಾದ ವ್ಯವಸ್ಥೆಯೇ ಇರಲಿಲ್ಲ ಎಂಬುದು ಅದರ ಆಕ್ಷೇಪ. ಮಂಡಳಿಗೆ ಹೆಚ್ಚು ಸ್ವಾತಂತ್ರ್ಯ ಕೊಡಲೆಂದು 2011ರಲ್ಲಿ ಮಂಡಿಸಿದ ಮಸೂದೆ ಕಾನೂನಾಗದೆ ಬಿದ್ದುಹೋಯಿತು.

ಇನ್ನು ನಮ್ಮ ರಾಜ್ಯದ ವಿಷಯ. 2012ರ ನವೆಂಬರ್‌ನಲ್ಲಿ, ಕೂಡಂಕುಳಂ ಪ್ರಕರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟ್‌ನಲ್ಲಿ ಅಣುತ್ಯಾಜ್ಯ ಹೂಳುವ ಜಾಗವಾಗಿ ಕೋಲಾರದ ಚಿನ್ನದ ಗಣಿಗಳ ಹೆಸರು ಕೇಳಿಬಂತು. 2001ರಲ್ಲಿ ಮುಚ್ಚಿದ, ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಗಳವು. ಕೆಜಿಎಫ್ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಎಂದು ಕೇಂದ್ರ ಹೇಳಿತು. ನನ್ನನ್ನು ಕಾಡುವುದು ಬೇರೆಯದೇ: ಕೆಲಸ ಹೋಗಿ, ಸಯನೈಡ್ ದಿಬ್ಬಗಳ ಧೂಳು ಕುಡಿಯುತ್ತಿದ್ದ ಊರಿಗೆ ಈ ಸುದ್ದಿ ಮೊದಲು ಗೊತ್ತಾದದ್ದು ಪತ್ರಿಕೆಗಳಿಂದ. ಬೋರ್‌ವೆಲ್ ನೀರಿನಲ್ಲೇ ತೋಟ ಉಳಿಸಿಕೊಳ್ಳುವ ನಮಗೆ, ನೆಲದೊಳಗೆ ಏನು ಇಡುತ್ತಾರೆ ಎಂಬುದು ಸಣ್ಣ ಮಾತಲ್ಲ.

ಹಾಗೆಂದು ವಿಕಿರಣವೇ ಬೇಡ ಎನ್ನುವವನು ನಾನಲ್ಲ. ಕ್ಯಾನ್ಸರ್ ಚಿಕಿತ್ಸೆಗೆ, ಕೈಗಾರಿಕೆಗೆ ಅದು ಬೇಕು. ಆದರೆ ಲಾಭ ಪಡೆದವರೇ ಕೊನೆಯವರೆಗೆ ಹೊಣೆ ಹೊರಬೇಕು. ಬಳಕೆ ಮುಗಿದ ಪ್ರತಿ ವಸ್ತು ಎಲ್ಲಿಗೆ ತಲುಪಿತು ಎಂಬುದನ್ನು ಮಂಡಳಿಯವರೇ ಹೋಗಿ ನೋಡಬೇಕು. ತ್ಯಾಜ್ಯ ಹೂಳುವ ಜಾಗ ಹುಡುಕುವಾಗ ಅಲ್ಲಿನ ಗ್ರಾಮಸಭೆಗೆ ಮೊದಲು ಹೇಳಬೇಕು, ಆಮೇಲೆ ಕೋರ್ಟಿಗೆ. ಕಾಲೇಜುಗಳು ಹಳೆಯ ಉಪಕರಣ ಹರಾಜು ಹಾಕುವ ಮುನ್ನ ಒಳಗೇನಿದೆ ಎಂದು ಪರೀಕ್ಷಿಸಲೇಬೇಕು.

ಭೌತಶಾಸ್ತ್ರ ಓದಿ ಕೆಲಸ ಹುಡುಕುತ್ತಿರುವ ಗೆಳೆಯರಿಗೊಂದು ಮಾತು. ವಿಕಿರಣ ಸುರಕ್ಷತಾ ಅಧಿಕಾರಿ ಎಂಬುದು ಕಾನೂನೇ ಬೇಕೆನ್ನುವ ಹುದ್ದೆ. ಅದಕ್ಕೆ ಬೇಕಾದ ತರಬೇತಿ, ಅರ್ಹತೆ ಏನೆಂದು ವಿಚಾರಿಸಿ. ಆ ಕುರ್ಚಿಯಲ್ಲಿ ತಿಳಿದವರು ಕೂತಿದ್ದರೆ, ಮುಂದಿನ ಹರಾಜಿನ ಪಟ್ಟಿಗೆ ಸಹಿ ಬೀಳುವ ಮೊದಲು ಒಬ್ಬರಾದರೂ 'ತಡೆಯಿರಿ' ಎನ್ನುತ್ತಾರೆ.