ಕೊಟ್ಟವನು ಕೋಡಂಗಿ ಆಗಬಾರದಲ್ಲ!

ಬಾಡಿಗೆ ಫ್ಲ್ಯಾಟ್‌ನಲ್ಲಿ ಇರುವವನಿಗೆ ಕಾರು ನಿಲ್ಲಿಸಲು ಜಾಗ ಸಿಗುತ್ತದೆ. ಆದರೆ ಆ ಕಾರಿನ ಕೆಳಗೆ ಮಲಗಿ ಕೆಲಸ ಮಾಡಲು ಜಾಗ ಸಿಗುವುದಿಲ್ಲ. ಬೇಸ್‌ಮೆಂಟ್‌ನಲ್ಲಿ ಬಾನೆಟ್ ಎತ್ತಿ ಅರ್ಧ ಗಂಟೆ ನಿಂತರೆ ಸಾಕು, ಅಸೋಸಿಯೇಷನ್ ಕಾರ್ಯದರ್ಶಿಯ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ: ‘ಪಾರ್ಕಿಂಗ್‌ನಲ್ಲಿ ರಿಪೇರಿ ಮಾಡುವಂತಿಲ್ಲ’. ಅವರದು ತಪ್ಪು ಎನ್ನಲಾಗದು. ಆಯಿಲ್ ಚೆಲ್ಲಿದರೆ ಒರೆಸುವವರು ಯಾರು? ಊರಲ್ಲಾಗಿದ್ದರೆ ಮನೆ ಮುಂದಿನ ಅಂಗಳವೇ ಗ್ಯಾರೇಜು. ಊರು ಬಿಟ್ಟು ಬಂದ ನಮ್ಮಂಥವರು ಸಂಬಳ ಗಳಿಸಿದ್ದೇವೆ, ಅಂಗಳ ಕಳೆದುಕೊಂಡಿದ್ದೇವೆ.

ಸಾಮಾನಿನ ಲೆಕ್ಕವೂ ಹಾಗೆಯೇ. ಒಳ್ಳೆಯ ಟಾರ್ಕ್ ರೆಂಚ್‌ಗೆ ಕೆಲವು ಸಾವಿರ ರೂಪಾಯಿ ಬೇಕು. ಹೈಡ್ರಾಲಿಕ್ ಜಾಕ್, ಜಾಕ್ ಸ್ಟ್ಯಾಂಡ್, ಸಾಕೆಟ್ ಸೆಟ್, ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷ ಓದುವ ಸ್ಕ್ಯಾನರ್ ಎಲ್ಲವನ್ನೂ ಸೇರಿಸಿದರೆ ಮೊತ್ತ ನೋಡಿ ಮನೆಯವರು ಹುಬ್ಬೇರಿಸುತ್ತಾರೆ. ಇಷ್ಟು ಕೊಟ್ಟು ತಂದದ್ದನ್ನು ವರ್ಷಕ್ಕೆ ನಾಲ್ಕು ಸಲ ಬಳಸಿ, ಉಳಿದ ದಿನ ಮಂಚದ ಕೆಳಗೆ ಇಡಬೇಕು. ಹಾಗಾದರೆ ಹತ್ತು ಜನ ಹತ್ತು ಜಾಕ್ ಕೊಳ್ಳುವ ಬದಲು ಒಂದು ಒಳ್ಳೆಯ ಜಾಕ್ ಕೊಂಡು ಹಂಚಿಕೊಂಡರೆ ಆಗದೇ? ಆಗುತ್ತದೆ. ಅಮೆರಿಕದ ಬರ್ಕ್ಲಿಯ ಸಾರ್ವಜನಿಕ ಗ್ರಂಥಾಲಯ 1979ರಿಂದಲೂ ಪುಸ್ತಕದ ಹಾಗೆ ಕೈಸಾಮಾನುಗಳನ್ನೂ ಎರವಲು ಕೊಡುತ್ತಿದೆ. ಜರ್ಮನಿಯಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ನಮ್ಮ ಕಾರನ್ನು ನಾವೇ ರಿಪೇರಿ ಮಾಡಿಕೊಳ್ಳುವ ವರ್ಕ್‌ಶಾಪುಗಳಿವೆ. ನಮ್ಮಲ್ಲಿ ಇಂಥದ್ದನ್ನು ಹೇಳಿದ ಕೂಡಲೇ ಬರುವ ಉತ್ತರ ಮಾತ್ರ ಒಂದು ಗಾದೆ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಈ ಗಾದೆಯನ್ನು ಸುಳ್ಳು ಮಾಡಬಹುದು ಎಂದು ನಾನು ಕಲಿತದ್ದು ಚೆನ್ನೈನ ವಡಪಳನಿಯಲ್ಲಿ.

ಹಂಚಿಕೊಂಡು ಕೆಲಸ ಮಾಡುವುದು ಈ ಬಡಾವಣೆಗೆ ಹೊಸದಲ್ಲ. ಎವಿಎಂ ಸ್ಟುಡಿಯೋ ಇರುವುದು ಇಲ್ಲೇ, ಆರ್ಕಾಟ್ ರಸ್ತೆಯ ಪಕ್ಕದಲ್ಲಿ. ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿದ 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಇದ್ದದ್ದು ಇದೇ ಎವಿಎಂ. ಬಿ. ನಾಗಿರೆಡ್ಡಿಯವರ ವಿಜಯಾ-ವಾಹಿನಿ ಸ್ಟುಡಿಯೋ ಇದ್ದ ಕಡೆ ಈಗ ಮಾಲ್ ಎದ್ದಿದೆ. ಒಂದು ಕಾಲಕ್ಕೆ ಕನ್ನಡ, ತಮಿಳು, ತೆಲುಗು ನಿರ್ಮಾಪಕರು ಈ ಸುತ್ತಿನ ಫ್ಲೋರ್‌ಗಳನ್ನು ಪಾಳಿಯ ಮೇಲೆ ಬಾಡಿಗೆಗೆ ಹಿಡಿಯುತ್ತಿದ್ದರು. ಕ್ಯಾಮೆರಾ, ಲೈಟು, ಟ್ರಾಲಿ ಯಾವುದೂ ಅವರ ಸ್ವಂತದ್ದಲ್ಲ. ಬೆಳಿಗ್ಗೆ ಒಂದು ಭಾಷೆಯ ಅರಮನೆ ಬೆಳಗಿದ ಲೈಟು ರಾತ್ರಿ ಇನ್ನೊಂದು ಭಾಷೆಯ ಗುಡಿಸಲನ್ನು ಬೆಳಗಿದರೆ ಯಾರಿಗೂ ಅಚ್ಚರಿಯಿಲ್ಲ. ಸ್ವಂತ ಸ್ಟುಡಿಯೋ ಇಲ್ಲದವರೂ ಸಿನಿಮಾ ಮಾಡಲು ಸಾಧ್ಯವಾದದ್ದು ಹೀಗೆ. ಆದರೆ ಅಲ್ಲಿ ಕಾಲ್‌ಶೀಟ್ ಇತ್ತು, ಸಾಮಾನು ಹೊರಗೆ ಹೋಗುವಾಗಲೂ ಒಳಗೆ ಬರುವಾಗಲೂ ಲೆಕ್ಕ ಇತ್ತು. ಪ್ರೀತಿಯಿಂದ ಕೊಟ್ಟು ಪ್ರೀತಿಯಿಂದ ಮರೆಯುವ ವ್ಯವಹಾರ ಅದಾಗಿರಲಿಲ್ಲ.

ನಾನು ಹುಬ್ಬಳ್ಳಿಯಿಂದ ಇಲ್ಲಿಗೆ ಬಂದದ್ದು 2016ರಲ್ಲಿ. ಜತೆಗೆ ಬಂದದ್ದು ಅಪ್ಪ 1996ರಲ್ಲಿ ಕೊಂಡ ಮಾರುತಿ 800, ಕೆಎ 25 ನಂಬರಿನದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಎರಡೂ ರಾಜ್ಯಗಳಲ್ಲಿ ಹೊತ್ತಿಕೊಂಡದ್ದು ನೆನಪಿರಬಹುದು. ಬೆಂಗಳೂರಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು, ಇಲ್ಲಿ ಕನ್ನಡಿಗರ ಅಂಗಡಿ, ಹೋಟೆಲು, ವಾಹನಗಳಿಗೆ ಭಯ. ನಮ್ಮ ಬೀದಿಯ ಮೂಲೆಯಲ್ಲಿ ತಗಡಿನ ಶೆಡ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಅಣ್ಣ ತಾವಾಗಿಯೇ ಬಂದು, ‘ತಂಬಿ, ವಂಡಿಯನ್ನು ಒಳಗೆ ತಂದುಬಿಡು’ ಎಂದರು. ಹತ್ತು ದಿನ ನನ್ನ ಕಾರು ಆ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಸಂಜೆ ನೋಡಿಬರಲು ಹೋದವನು ಅಲ್ಲಿ ಸೇರುತ್ತಿದ್ದ ಕಾರುಹುಚ್ಚಿನ ನಾಲ್ಕೈದು ಜನರ ಪರಿಚಯ ಮಾಡಿಕೊಂಡೆ. ಒಬ್ಬರು ಸಿನಿಮಾ ಸೌಂಡ್ ವಿಭಾಗದವರು, ಹಳೇ ಕಾಂಟೆಸ್ಸಾ ಇಟ್ಟವರು. ಒಬ್ಬರು ಬ್ಯಾಂಕಿನವರು. ಒಬ್ಬರು ನಿವೃತ್ತ ಲೇತ್ ಕೆಲಸಗಾರರು. ಇನ್ನೊಬ್ಬ ನೆಲ್ಲೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ. ಅಣ್ಣನಿಗೆ ಶೆಡ್ಡಿನ ಬಾಡಿಗೆ ಭಾರವಾಗುತ್ತಿತ್ತು. ಅರ್ಧ ಜಾಗ ನಾವು ವಹಿಸಿಕೊಂಡೆವು, ಬಾಡಿಗೆಯ ಅರ್ಧವನ್ನೂ ವಹಿಸಿಕೊಂಡೆವು. ಎಲ್ಲರೂ ತಮ್ಮ ತಮ್ಮ ಮಂಚದ ಕೆಳಗಿನ ಸಾಮಾನು ತಂದು ಒಂದೇ ಗೋಡೆಗೆ ನೇತುಹಾಕಿದೆವು.

ಅಲ್ಲಿಗೆ ನಂಬಿಕೆ ಬಂತು. ಆದರೆ ನಂಬಿಕೆಯೊಂದೇ ಆರು ತಿಂಗಳೂ ಬಾಳಲಿಲ್ಲ.

ಮೊದಲು ಕಾಣೆಯಾದದ್ದು 10 ಎಂಎಂ ಸಾಕೆಟ್. ಕಾರಿನ ಕೆಲಸ ಮಾಡುವ ಯಾರನ್ನು ಕೇಳಿದರೂ ಮೊದಲು ಕಳೆಯುವುದು ಅದೇ ಎನ್ನುತ್ತಾರೆ, ಏಕೆಂದರೆ ಅತಿ ಹೆಚ್ಚು ಕೈಗೆ ಬೇಕಾಗುವುದೂ ಅದೇ. ಆಮೇಲೆ ಒಬ್ಬರ ಮಲ್ಟಿಮೀಟರ್ ಇನ್ನೊಬ್ಬರ ಮನೆಯಲ್ಲಿ ಸಿಕ್ಕಿತು. ಮಾತು ಕಡಿಮೆಯಾಗತೊಡಗಿತು. ಆದರೂ ಕಳೆದುಹೋದ ಸಾಮಾನು ದೊಡ್ಡ ಸಮಸ್ಯೆಯಲ್ಲ. ಪುದುಪ್ಪೇಟೆಗೆ ಹೋದರೆ ಇನ್ನೊಂದು ಸಿಗುತ್ತದೆ. ನಮ್ಮ ಶಿವಾಜಿನಗರದ ಗುಜರಿಯಂತೆ ಇಲ್ಲಿ ಅದು ಹಳೇ ಬಿಡಿಭಾಗಗಳ ಪೇಟೆ. ನಿಜವಾದ ಅಪಾಯ, ಕೆಟ್ಟುಹೋಗಿ ಸುಮ್ಮನೆ ಗೋಡೆಗೆ ವಾಪಸ್ ಬಂದ ಸಾಮಾನಿನದು.

ಟಾರ್ಕ್ ರೆಂಚ್ ನೋಡಿ. ನಟ್ಟನ್ನು ಇಷ್ಟೇ ಬಲದಿಂದ ಬಿಗಿಯಬೇಕು ಎಂದು ಅಳೆದು ಹೇಳುವ ಸಾಧನ ಅದು. ಸಣ್ಣ ಕಾರಿನ ವೀಲ್ ನಟ್‌ಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರ್. ಉದ್ದ ಹಿಡಿ ಇದೆಯೆಂದು ಯಾರೋ ಅದರಿಂದ ತುಕ್ಕು ಹಿಡಿದ ನಟ್ಟನ್ನು ಬಿಚ್ಚಲು ಜಗ್ಗಿದರೆ ಅಥವಾ ಸ್ಪ್ರಿಂಗ್ ಸಡಿಲಿಸದೆ ತಿಂಗಳುಗಟ್ಟಲೆ ಇಟ್ಟರೆ ಅಳತೆ ತಪ್ಪುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ‘ಟಕ್’ ಎಂದು ಎಂದಿನಂತೆಯೇ ಸದ್ದು ಮಾಡುತ್ತದೆ. ಮುಂದಿನವನು ಸರಿಯಾಗಿ ಬಿಗಿದೆ ಎಂದುಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಾನೆ.

ಜಾಕ್‌ನ ವಿಷಯ ಇನ್ನೂ ನೇರ. ಒಂದು ಭಾನುವಾರ ಬ್ಯಾಂಕಿನವರು ಕಾರಿನ ಕೆಳಗಿದ್ದಾಗ ಜಾಕ್ ಮೆಲ್ಲಗೆ ಕುಸಿಯಿತು. ಒಳಗಿನ ಸೀಲ್ ಸೋರುತ್ತಿತ್ತು. ಪುಣ್ಯಕ್ಕೆ ಚಾಸಿಯ ಕೆಳಗೆ ಜಾಕ್ ಸ್ಟ್ಯಾಂಡ್ ಇತ್ತು, ಕಾರು ಅದರ ಮೇಲೆ ನಿಂತಿತು, ಅವರು ತೆವಳಿ ಹೊರಬಂದರು. ವಿಚಾರಿಸಿದಾಗ ತಿಳಿಯಿತು: ಅದು ಇಳಿಯುತ್ತಿದೆ ಎಂದು ನಮ್ಮಲ್ಲೇ ಒಬ್ಬರಿಗೆ ಹಿಂದಿನ ವಾರವೇ ಗೊತ್ತಾಗಿತ್ತು. ಹೇಳಿದರೆ ರಿಪೇರಿ ಖರ್ಚು ತಮ್ಮ ತಲೆಗೆ ಬರುತ್ತದೆ ಎಂದು ಸುಮ್ಮನಿದ್ದರು. ಅವರು ಕೆಟ್ಟವರಲ್ಲ. ನಾವು ಮಾಡಿಕೊಂಡಿದ್ದ ಏರ್ಪಾಡು ಹಾಗೆ ಸುಮ್ಮನಿರುವುದನ್ನೇ ಲಾಭದಾಯಕ ಮಾಡಿತ್ತು.

ಆವತ್ತು ರಾತ್ರಿ ಶೆಡ್ಡಿಗೆ ಒಂದು ರಿಜಿಸ್ಟರ್ ಬಂತು. ನೂರು ಪುಟದ, ಅಂಗಡಿಯಲ್ಲಿ ಸಿಗುವ ಸಾದಾ ಪುಸ್ತಕ.

ನಮ್ಮ ಹಳ್ಳಿಗಳಲ್ಲಿ ಕೆರೆಗೆ ನೀರುಗಂಟಿ ಇದ್ದರು. ತೂಬು ತೆಗೆಯುವುದು, ಸರದಿಯಂತೆ ಗದ್ದೆಗೆ ನೀರು ಬಿಡುವುದು ಅವರ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಕಾಳು ಸಲ್ಲುತ್ತಿತ್ತು. ಎಷ್ಟೇ ದೊಡ್ಡ ಗೌಡರಾದರೂ ತೂಬಿಗೆ ತಾವೇ ಕೈ ಹಾಕುವಂತಿರಲಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಜಗತ್ತಿನ ಹಲವು ಕಡೆಯ ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿ ವ್ಯವಸ್ಥೆಗಳನ್ನು ಅಧ್ಯಯನ ಮಾಡಿ ಹೇಳಿದ್ದೂ ಇದನ್ನೇ. ಹತ್ತು ಜನರ ಸ್ವತ್ತು ಹಾಳಾಗಲೇಬೇಕೆಂದಿಲ್ಲ. ಬಳಸುವವರೇ ನಿಯಮ ಮಾಡಿಕೊಂಡು, ತಮ್ಮೊಳಗೇ ಕಾವಲು ಇಟ್ಟುಕೊಂಡು, ತಪ್ಪಿಗೆ ತಕ್ಕಷ್ಟೇ ದಂಡ ಹಾಕಿದರೆ ಅದು ತಲೆಮಾರುಗಟ್ಟಲೆ ಉಳಿಯುತ್ತದೆ. ನಮ್ಮ ಶೆಡ್ಡಿನಲ್ಲೂ ತಿಂಗಳಿಗೊಬ್ಬರು ನೀರುಗಂಟಿ. ತಮಿಳುನಾಡಿನಲ್ಲಿ ಅದೇ ಕೆಲಸದವರಿಗೆ ನೀರ್‌ಕಟ್ಟಿ ಎಂಬ ಹೆಸರಿದೆ. ಹಾಗಾಗಿ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ನಿಯಮ ಬಹಳವಿಲ್ಲ. ಗೋಡೆಯ ಹಲಗೆಯ ಮೇಲೆ ಪ್ರತಿ ಪಾನಾ, ಪ್ರತಿ ಸಾಕೆಟ್‌ನ ಆಕಾರ ಬರೆದಿದೆ. ಖಾಲಿ ಕಂಡರೆ ಆ ದಿನದ ಕೆಲಸ ಮುಗಿದಿಲ್ಲ ಎಂದರ್ಥ. ವಿಮಾನ ರಿಪೇರಿ ಮಾಡುವಲ್ಲಿ ಇದೇ ಕ್ರಮವಿದೆ, ಎಂಜಿನ್ ಒಳಗೆ ಸ್ಪ್ಯಾನರ್ ಉಳಿದರೆ ಗತಿಯೇನು? ಸಾಮಾನು ತೆಗೆದವರು ರಿಜಿಸ್ಟರಿನಲ್ಲಿ ಹೆಸರು, ಹೊತ್ತು ಬರೆಯಬೇಕು, ವಾಪಸ್ ಇಡುವಾಗ ಅದು ಹೇಗಿದೆ ಎಂದೂ ಬರೆಯಬೇಕು. ಕಳೆದರೆ ಅರ್ಧ ಬೆಲೆ ಕಳೆದವರದು, ಅರ್ಧ ಎಲ್ಲರದು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಯಾರೂ ಹೋಗುವಂತಿಲ್ಲ, ಒಬ್ಬರೇ ಇರುವಾಗಲಂತೂ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕೆಟ್ಟದ್ದನ್ನು ಹೇಳಿದವರಿಗೆ ದಂಡವಿಲ್ಲ, ಖರ್ಚು ಸಂಘದ್ದು. ಮುಚ್ಚಿಟ್ಟವರಿಗೆ ಶೆಡ್ಡಿನ ಬೀಗದ ಕೈ ಇಲ್ಲ.

ಈ ಕೊನೆಯ ನಿಯಮ ಬಂದ ಮೇಲೆ ರಿಜಿಸ್ಟರಿನಲ್ಲಿ ‘ಸರಿ ಇಲ್ಲ’ ಎಂಬ ಷರಾ ಹೆಚ್ಚಾಯಿತು. ಸಾಮಾನು ಹೆಚ್ಚು ಕೆಡುತ್ತಿದೆ ಎಂದಲ್ಲ, ಕೆಟ್ಟದ್ದು ಗೊತ್ತಾಗುತ್ತಿದೆ ಎಂದು.

ಇದರಿಂದ ಮೆಕ್ಯಾನಿಕ್‌ಗಳ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾವು ಮಾಡುವುದು ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಕಾರ್ಬ್ಯುರೇಟರ್ ಸ್ವಚ್ಛತೆಯಂಥ ಕೆಲಸ. ಬ್ರೇಕಿನ ಕೆಲಸವನ್ನು ಅಣ್ಣ ನೋಡದೆ ಕಾರು ಹೊರಗೆ ಹೋಗುವುದಿಲ್ಲ. ಏರ್‌ಬ್ಯಾಗ್, ಎಸಿ ಗ್ಯಾಸ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವುದೇ ಇಲ್ಲ. ಕಲಿಸಿದ ಭಾನುವಾರಕ್ಕೆ ಅಣ್ಣನಿಗೆ ಕೂಲಿ ಇದೆ. ಅವರೂ ನಮ್ಮ ಸ್ಕ್ಯಾನರ್ ಬಳಸುತ್ತಾರೆ, ರಿಜಿಸ್ಟರಿನಲ್ಲಿ ಬರೆದೇ ಬಳಸುತ್ತಾರೆ. ಒಂದು ನಟ್ ಬಿಚ್ಚಲು ಎಷ್ಟು ಬೆವರು ಬೇಕೆಂದು ತಿಳಿದವನು ಮೆಕ್ಯಾನಿಕ್ ಹತ್ತಿರ ಚೌಕಾಸಿ ಮಾಡುವುದೂ ಕಡಿಮೆ.

ಹಳೇ ಆಯಿಲ್ ಬಗ್ಗೆ ಒಂದು ಮಾತು. ಸಣ್ಣ ಕಾರಿನಿಂದ ಪ್ರತಿ ಸಲ ಮೂರ್ನಾಲ್ಕು ಲೀಟರ್ ಇಳಿಯುತ್ತದೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮೋರಿಗೆ ಸುರಿದರೆ ಕೊನೆಗೆ ಸೇರುವುದು ಕೂವಂ, ಅಡ್ಯಾರ್ ನದಿಗಳನ್ನು. ಮನೆಯಲ್ಲಿ ಒಬ್ಬೊಬ್ಬರೇ ಕೆಲಸ ಮಾಡಿದರೆ ಅದನ್ನು ಎಲ್ಲಿ ಹಾಕುವುದೆಂದು ತಿಳಿಯದು. ಶೆಡ್ಡಿನಲ್ಲಿ ಒಂದು ಡ್ರಮ್ ಇದೆ, ತುಂಬಿದಾಗ ಮರುಬಳಕೆಯವರಿಗೆ ಹೋಗುತ್ತದೆ.

ಈ ವ್ಯವಸ್ಥೆ ಹವ್ಯಾಸದ ಆಚೆಗೂ ಕೆಲಸಕ್ಕೆ ಬಂತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದು ಚೆನ್ನೈ ಮುಳುಗಿದಾಗ ಕಾರುಗಳು ನೀರಲ್ಲಿ ನಿಂತವು. ನೀರು ಇಳಿದ ಕೂಡಲೇ ಎಲ್ಲರೂ ಮಾಡಲು ಹೋಗುವುದು ಒಂದೇ ಕೆಲಸ, ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವುದು. ಸಿಲಿಂಡರ್ ಒಳಗೆ ನೀರಿದ್ದರೆ ಆ ಒಂದು ತಿರುಗಿಗೇ ಎಂಜಿನ್ ಮುರಿಯಬಹುದು. ಪ್ರತ್ಯೇಕ ಎಂಜಿನ್ ರಕ್ಷಣೆ ತೆಗೆದುಕೊಳ್ಳದಿದ್ದರೆ ಆ ಖರ್ಚನ್ನು ವಿಮೆಯವರು ಸಾಮಾನ್ಯವಾಗಿ ಕೊಡುವುದೂ ಇಲ್ಲ. ನಾವು ಆರು ಜನ ಬೀದಿ ಬೀದಿ ತಿರುಗಿ ಬ್ಯಾಟರಿ ವಯರ್ ಬಿಚ್ಚಿದೆವು, ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿದೆವು, ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಸ್ಟಾರ್ಟ್ ಮಾಡಬೇಡಿ ಎಂದು ಚೀಟಿ ಅಂಟಿಸಿದೆವು. ನಮ್ಮ ಸಾಮಾನೆಲ್ಲ ಒಂದೇ ಕಡೆ, ಸರಿಯಾದ ಸ್ಥಿತಿಯಲ್ಲಿ, ಕೈಗೆ ಸಿಗುವಂತಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ಮಳೆಯ ಮುನ್ಸೂಚನೆಗೇ ಹೆದರಿ ಜನ ವೇಲಚೇರಿ ಫ್ಲೈಓವರ್ ಮೇಲೆ ಸಾಲಾಗಿ ಕಾರು ತಂದು ನಿಲ್ಲಿಸಿದ್ದು ನೋಡಿದರೆ, ಈ ಊರಿಗೆ ಇಂಥ ಶೆಡ್ಡುಗಳು ಇನ್ನಷ್ಟು ಬೇಕು ಅನಿಸುತ್ತದೆ.

ಹೊರನಾಡಿನ ಕನ್ನಡಿಗರಲ್ಲಿ ನನ್ನದೊಂದು ಸಲಹೆ. ಮುಂಬೈ, ಪುಣೆ, ಹೈದರಾಬಾದ್, ದೆಹಲಿ, ನಾವಿರುವ ಊರಲ್ಲೆಲ್ಲ ಕನ್ನಡ ಸಂಘಗಳಿವೆ. ರಾಜ್ಯೋತ್ಸವ, ನಾಟಕ, ಊಟ ಚೆನ್ನಾಗಿಯೇ ನಡೆಯುತ್ತವೆ. ಆದರೆ ಇಪ್ಪತ್ತೈದರ ಹುಡುಗ ಹುಡುಗಿಯರು ಏಕೆ ಬರುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಕೇಳುತ್ತೇವೆ. ಅವರಿಗೆ ಬೇಕಾದದ್ದು ನಮ್ಮಲ್ಲಿ ಏನಿದೆ? ಪಾರಿತೋಷಕ ತುಂಬಿದ ಕಪಾಟುಗಳ ಪಕ್ಕ ಒಂದು ಸಾಮಾನಿನ ಕಪಾಟು ಇಡೋಣ. ಒಂದು ಜಾಕ್, ಎರಡು ಜತೆ ಸ್ಟ್ಯಾಂಡ್, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸ್ಕ್ಯಾನರ್, ಮಲ್ಟಿಮೀಟರ್, ಗಾಳಿ ಪಂಪು. ಕಾರಿಲ್ಲದವರಿಗೆ ಡ್ರಿಲ್ ಮಷಿನ್, ಏಣಿ, ಹೊಲಿಗೆ ಯಂತ್ರ. ಪಕ್ಕದ ಮನೆಯ ತಮಿಳರು, ತೆಲುಗರು, ಮರಾಠಿಗರಿಗೂ ಬಾಗಿಲು ತೆಗೆದಿರಲಿ. ಗಲಾಟೆಯ ದಿನ ನಮ್ಮ ಕಾರಿಗೆ ಟಾರ್ಪಾಲು ಹೊದಿಸುವವರು ಅವರೇ.

ಆದರೆ ಕಪಾಟು ಕೊಳ್ಳುವ ಮೊದಲು ರಿಜಿಸ್ಟರ್ ಕೊಳ್ಳಿ, ಮೊದಲ ತಿಂಗಳ ನೀರುಗಂಟಿ ಯಾರೆಂದು ಗೊತ್ತು ಮಾಡಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಸಾಮಾನನ್ನೆಲ್ಲ ಹೊರಗೆ ತೆಗೆದು ಒರೆಸಿ ಕುಂಕುಮ ಹಚ್ಚುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅವತ್ತೇ ರಿಜಿಸ್ಟರ್ ಹಿಡಿದು ಒಂದೊಂದನ್ನೂ ಎಣಿಸಿದರೆ ಪೂಜೆಯೂ ಆಯಿತು, ಲೆಕ್ಕವೂ ಆಯಿತು. ಕೊಟ್ಟವರು ಕೋಡಂಗಿ ಆಗುವುದು ಕೊಟ್ಟದ್ದರಿಂದಲ್ಲ, ಬರೆದಿಡದೆ ಕೊಟ್ಟದ್ದರಿಂದ.